ಮಲೆನಾಡಿನ ಗಾಳಿ ಈ ಬ್ಯಾಟರಿಗೆ ಒಗ್ಗಲ್ಲ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟ್ ಇರಲ್ಲ. ಯುಪಿಎಸ್‌ಗೆ ಹಾಕಿದ್ದ ಎರಡು ಟ್ಯೂಬುಲರ್ ಬ್ಯಾಟರಿ ಈ ವರ್ಷ ಕೈ ಕೊಟ್ಟಿವೆ. ಹೊಸದು ತರೋಣ ಅಂತಿದ್ದಾಗ ಮಗ ಒಂದು ವಿಡಿಯೋ ತೋರಿಸಿದ. ಲಿಥಿಯಂ-ಏರ್ ಬ್ಯಾಟರಿ ಬರುತ್ತಿದೆಯಂತೆ, ಪೆಟ್ರೋಲಿನಷ್ಟೇ ಶಕ್ತಿ ಇದೆಯಂತೆ, ಗಾಳಿಯಿಂದಲೇ ಚಾರ್ಜ್ ಆಗುತ್ತಂತೆ. ನಿಜವಾ? ನಮ್ಮ ಕಡೆ ಗಾಳಿ ಶುದ್ಧ, ಹೊಗೆ ಧೂಳು ಇಲ್ಲ. ಹಾಗಾದರೆ ಇಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡಬೇಕಲ್ವಾ? ಒಂದೆರಡು ವರ್ಷ ಕಾಯಲಾ, ಇಲ್ಲ ಈಗ ಸಿಗುವ ಲಿಥಿಯಂ ಬ್ಯಾಟರಿಯನ್ನೇ ತಗೊಳ್ಳಲಾ? ಸ್ಪ್ರಿಂಕ್ಲರ್ ಮೋಟರನ್ನೂ ಬ್ಯಾಟರಿಯಲ್ಲಿ ಓಡಿಸಬಹುದಾ ಅಂತ ತಿಳಿಸಿ.

ಉತ್ತರ: ಕಾಯಬೇಡಿ. ಈ ಬ್ಯಾಟರಿಯನ್ನು ನಂಬಿಕೊಂಡು ಕೂತರೆ ಒಂದೆರಡಲ್ಲ, ಇನ್ನೂ ಎಷ್ಟೋ ಮಳೆಗಾಲ ಮೇಣದಬತ್ತಿಯಲ್ಲೇ ಕಳೆಯಬೇಕಾದೀತು. ಮಾರುಕಟ್ಟೆಗೆ ಬಂದರೂ ಅದು ಮೊದಲು ಹೋಗುವ ಜಾಗ ನಿಮ್ಮ ಮನೆಯ ಯುಪಿಎಸ್ ಅಲ್ಲ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ನಮ್ಮ ಗಾಳಿ ಶುದ್ಧ ಅಂತ ಬರೆದಿದ್ದೀರಲ್ಲ, ಅದು ಈ ಬ್ಯಾಟರಿಯ ಮರ್ಮಕ್ಕೇ ಕೈ ಹಾಕಿದ ಪ್ರಶ್ನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಗಾಳಿಯಿಂದ ಚಾರ್ಜ್ ಆಗುವ ಮಾತು. ಅದು ಸುಳ್ಳು. ಚಾರ್ಜ್ ಮಾಡಲು ಕರೆಂಟೇ ಬೇಕು, ಸೋಲಾರ್‌ದಾದರೂ ಸರಿ, ಲೈನಿನದಾದರೂ ಸರಿ. ಗಾಳಿ ಬೇಕಾಗುವುದು ಬ್ಯಾಟರಿ ಕರೆಂಟ್ ಕೊಡುವಾಗ. ಚಾರ್ಜ್ ಆಗುವಾಗ ಅದು ಒಳಗೆಳೆದುಕೊಂಡಿದ್ದ ಆಮ್ಲಜನಕವನ್ನು ವಾಪಸ್ ಹೊರಗೆ ಬಿಡುತ್ತದೆ.

ಒಳಗೆ ನಡೆಯುವುದು ಇಷ್ಟೇ. ಈಗ ನಮ್ಮ ಫೋನಲ್ಲಿ, ಸ್ಕೂಟರಿನಲ್ಲಿ ಇರುವ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಲಿಥಿಯಂ ಒಂದು ಕಡೆ ಗ್ರಾಫೈಟಿನ ಪದರಗಳ ನಡುವೆ ಕೂತಿರುತ್ತದೆ, ಕರೆಂಟ್ ಕೊಡುವಾಗ ಅಲ್ಲಿಂದ ಎದ್ದು ಇನ್ನೊಂದು ಕಡೆಯ ಕಬ್ಬಿಣ-ಫಾಸ್ಫೇಟ್ ಅಥವಾ ನಿಕ್ಕೆಲ್-ಕೋಬಾಲ್ಟ್ ಪುಡಿಯೊಳಗೆ ಹೋಗಿ ಕೂರುತ್ತದೆ. ಆ ಗ್ರಾಫೈಟ್, ಆ ಪುಡಿ, ಎಲ್ಲವೂ ತೂಕ. ಕೆಲಸ ಮಾಡುವ ಲಿಥಿಯಂ ಅದರಲ್ಲಿ ತೀರಾ ಕಮ್ಮಿ. ಲಿಥಿಯಂ-ಏರ್‌ನಲ್ಲಿ ಈ ಹೊರೆಯನ್ನೇ ತೆಗೆದು ಹಾಕುತ್ತಾರೆ. ಒಂದು ಕಡೆ ಬರೀ ಲಿಥಿಯಂ ಲೋಹದ ತೆಳು ಹಾಳೆ. ಇನ್ನೊಂದು ಕಡೆ ಸಣ್ಣ ಸಣ್ಣ ರಂಧ್ರಗಳಿರುವ ಕಾರ್ಬನ್ ಹಾಳೆ. ಹೊರಗಿನಿಂದ ಬಂದ ಆಮ್ಲಜನಕ ಆ ರಂಧ್ರಗಳಲ್ಲಿ ಲಿಥಿಯಂ ಜೊತೆ ಸೇರಿ ಲಿಥಿಯಂ ಪೆರಾಕ್ಸೈಡ್ ಎಂಬ ಬಿಳಿ ಪದಾರ್ಥವಾಗಿ ಗಟ್ಟಿ ಕೂರುತ್ತದೆ. ಅಷ್ಟು ಹೊತ್ತೂ ಕರೆಂಟ್ ಸಿಗುತ್ತದೆ. ಚಾರ್ಜ್ ಮಾಡಿದಾಗ ಆ ಪೆರಾಕ್ಸೈಡ್ ಒಡೆದು ಲಿಥಿಯಂ ತನ್ನ ಜಾಗಕ್ಕೆ, ಆಮ್ಲಜನಕ ಗಾಳಿಗೆ. ಕೋಬಾಲ್ಟ್ ಬೇಡ, ನಿಕ್ಕೆಲ್ ಬೇಡ. ಅರ್ಧ ಸಾಮಾನು ಗಾಳಿಯಲ್ಲಿ ಬಿಟ್ಟಿ ಸಿಗುತ್ತದೆ. ಕಾಗದದ ಮೇಲೆ ಇದಕ್ಕಿಂತ ಚಂದದ ಬ್ಯಾಟರಿ ಇಲ್ಲ ಅಂತ ನಾನೂ ಒಪ್ಪುತ್ತೇನೆ.

ಗಾಳಿ ಕುಡಿಯುವ ಬ್ಯಾಟರಿಯನ್ನು ಕಣ್ಣಾರೆ ನೋಡಬೇಕಾದರೆ ಲ್ಯಾಬಿಗೆ ಹೋಗಬೇಕಾಗಿಲ್ಲ. ಮನೆಯಲ್ಲಿ ಕಿವಿ ಮೆಷಿನ್ ಹಾಕುವ ಹಿರಿಯರಿದ್ದರೆ ಅದರ ಪುಟ್ಟ ಶೆಲ್ ಒಂದನ್ನು ಕೈಗೆ ತಗೊಳ್ಳಿ. ಹಾಸನದಲ್ಲಿ ಹುಡುಗರಿಗೆ ಎಲೆಕ್ಟ್ರೋಕೆಮಿಸ್ಟ್ರಿ ಪಾಠ ಮಾಡುವಾಗ ನಾನು ತೋರಿಸುವುದು ಇದನ್ನೇ. ಶೆಲ್ಲಿನ ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸಿರುತ್ತಾರೆ. ಉಗುರಿನಲ್ಲಿ ಕಿತ್ತರೆ ಕೆಳಗೆ ಸೂಜಿ ಮೊನೆಯಷ್ಟು ತೂತುಗಳು ಕಾಣುತ್ತವೆ. ಕಿತ್ತ ತಕ್ಷಣ ಮೆಷಿನ್ನಿಗೆ ಹಾಕಬೇಡಿ, ಒಂದು ನಿಮಿಷ ಹೊರಗಿಡಿ ಅಂತ ಅಂಗಡಿಯವರು ಹೇಳುತ್ತಾರಲ್ಲ, ಗಾಳಿ ಒಳಗೆ ಹೋಗಲಿ ಅಂತ. ಮೀಟರ್ ಹಿಡಿದರೆ ವೋಲ್ಟೇಜ್ ನಿಧಾನಕ್ಕೆ ಏರುವುದು ಕಾಣಿಸುತ್ತದೆ, 1.4ರ ಹತ್ತಿರ ನಿಲ್ಲುತ್ತದೆ. ಒಮ್ಮೆ ಕಿತ್ತ ಮೇಲೆ ಬಳಸಿದರೂ ಬಳಸದಿದ್ದರೂ ಅದರ ಆಯಸ್ಸು ಕರಗಲು ಶುರು. ಒಣ ಹವೆಯಲ್ಲಿ ಒಳಗಿನ ನೀರಿನಂಶ ಆರುತ್ತದೆ, ಜೋರು ಮಳೆಗಾಲದಲ್ಲಿ ಹೊರಗಿನ ತೇವ ಒಳಗೆ ಸೇರುತ್ತದೆ, ಎರಡೂ ಅದಕ್ಕೆ ಒಳ್ಳೆಯದಲ್ಲ. ಇದು ಜಿಂಕ್-ಏರ್. ಇದರ ಒಳಗಿನ ದ್ರವವೇ ನೀರಿನದು, ಹಾಗಾಗಿ ತೇವ ಇದಕ್ಕೆ ಬರೀ ಕಿರಿಕಿರಿ. ಲಿಥಿಯಂಗೆ ತೇವ ಅಂದರೆ ವಿಷ. ಅಲ್ಲದೆ ಈ ಶೆಲ್ ರೀಚಾರ್ಜ್ ಆಗಲ್ಲ, ಮುಗಿದರೆ ಎಸೆಯುವುದೇ.

ಇನ್ನು ಪೆಟ್ರೋಲಿನಷ್ಟು ಶಕ್ತಿ ಅನ್ನುವ ಲೆಕ್ಕ. ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲೇ ನೋಡೋಣ, ಅದು ಎಲ್ಲರಿಗೂ ಗೊತ್ತು. ನಿಮ್ಮ 150 ಆ್ಯಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಆ್ಯಸಿಡ್ ಸೇರಿ ಐವತ್ತು ಕಿಲೋ ದಾಟುತ್ತದೆ, ಒಳಗೆ ಹಿಡಿಯುವುದು 1.8 ಯೂನಿಟ್. ಅಂದರೆ ಕಿಲೋಗೆ 0.03 ಯೂನಿಟ್ ಚಿಲ್ಲರೆ. ಒಳ್ಳೆಯ ಲಿಥಿಯಂ-ಅಯಾನ್ ಸೆಲ್ ಕಿಲೋಗೆ 0.25ರಿಂದ 0.3 ಯೂನಿಟ್ ಹಿಡಿಯುತ್ತದೆ. ಪೆಟ್ರೋಲ್ ಕಿಲೋಗೆ 12 ಯೂನಿಟ್ಟಿಗೂ ಮೇಲೆ, ಆದರೆ ಎಂಜಿನ್ನಿನಲ್ಲಿ ಅದರ ಬಹುಪಾಲು ಶಾಖವಾಗಿ ಹೋಗುತ್ತದೆ. ಲಿಥಿಯಂ-ಏರ್‌ಗೆ ಎರಡು ಅಂಕಿ ಹೇಳುತ್ತಾರೆ. ಬರೀ ಲಿಥಿಯಂನ ತೂಕ ಹಿಡಿದರೆ ಕಿಲೋಗೆ 11 ಯೂನಿಟ್ಟಿಗೂ ಜಾಸ್ತಿ. ವಿಡಿಯೋದವರು ಪೆಟ್ರೋಲಿಗೆ ಹೋಲಿಸುವುದು ಈ ಅಂಕಿಯನ್ನೇ. ಸೇರಿಕೊಂಡ ಆಮ್ಲಜನಕದ ತೂಕವನ್ನೂ ಲೆಕ್ಕಕ್ಕೆ ತಗೊಂಡರೆ ಅದು ಸುಮಾರು 3.5 ಯೂನಿಟ್ಟಿಗೆ ಇಳಿಯುತ್ತದೆ.

ಆಮ್ಲಜನಕಕ್ಕೂ ತೂಕ ಇದೆ ಅಲ್ವಾ? ಹದಿನಾಲ್ಕು ಗ್ರಾಂ ಲಿಥಿಯಂ ಮೂವತ್ತೆರಡು ಗ್ರಾಂ ಆಮ್ಲಜನಕವನ್ನು ಹಿಡಿಯುತ್ತದೆ. ಕಾರಿನ ಟ್ಯಾಂಕ್ ಖಾಲಿಯಾದಂತೆ ಹಗುರವಾಗುತ್ತದೆ. ಈ ಬ್ಯಾಟರಿ ಖಾಲಿಯಾದಂತೆ ಭಾರವಾಗುತ್ತದೆ. ವಿಮಾನಕ್ಕೆ ಹಾಕಿದರೆ ಇಳಿಯುವ ಹೊತ್ತಿಗೆ ಏರಿದ್ದಕ್ಕಿಂತ ಜಾಸ್ತಿ ತೂಕ! ವಿಡಿಯೋದಲ್ಲಿ ಇದನ್ನು ಯಾರೂ ಹೇಳಲ್ಲ. ಆ 3.5 ಕೂಡ ಬರೀ ಪದಾರ್ಥದ ಲೆಕ್ಕ. ಕಾರ್ಬನ್, ಎಲೆಕ್ಟ್ರೋಲೈಟ್ (ಎರಡು ಹಾಳೆಗಳ ನಡುವೆ ಲಿಥಿಯಂ ಓಡಾಡುವ ದ್ರವ), ಡಬ್ಬ, ಗಾಳಿ ಒಣಗಿಸುವ ಸಲಕರಣೆ ಎಲ್ಲ ಸೇರಿಸಿದ ಮೇಲೆ ಕೈಗೆ ಸಿಗುವುದು ಇನ್ನೂ ಕಮ್ಮಿ. ಜಪಾನಿನ ನಿಮ್ಸ್ ಎಂಬ ವಸ್ತು ವಿಜ್ಞಾನ ಸಂಸ್ಥೆ ಮತ್ತು ಸಾಫ್ಟ್‌ಬ್ಯಾಂಕ್ ಕಂಪನಿ ಸೇರಿ ಕಿಲೋಗೆ ಅರ್ಧ ಯೂನಿಟ್ ದಾಟಿದ ಸೆಲ್ ಮಾಡಿದ್ದನ್ನು 2022ರಲ್ಲಿ ಪ್ರಕಟಿಸಿದವು. ಅದು ದೊಡ್ಡ ಸಾಧನೆಯೇ. ಇವತ್ತಿನ ಒಳ್ಳೆಯ ಸೆಲ್ಲಿನ ಎರಡು ಪಟ್ಟು ಹತ್ತಿರ. ಪೆಟ್ರೋಲಿನ ಹತ್ತಿರ ಅಲ್ಲ.

ಈಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಟ್ಯೂಬುಲರ್ ಬ್ಯಾಟರಿ ಕೈ ಕೊಟ್ಟದ್ದು ಭಾರ ಅಂತಲಾ? ಅಲ್ಲ. ಅದು ಮೆಟ್ಟಿಲ ಕೆಳಗೆ ಕೂತಿದೆ, ಐವತ್ತು ಕಿಲೋ ಆದರೇನು, ನೂರು ಕಿಲೋ ಆದರೇನು. ನಿಮಗೆ ಬೇಕಾದದ್ದು ಬಾಳಿಕೆ, ಕಮ್ಮಿ ಬೆಲೆ, ಹಾಕಿದ ಕರೆಂಟಿನಲ್ಲಿ ಹೆಚ್ಚು ಪಾಲು ವಾಪಸ್ ಬರುವುದು. ಲಿಥಿಯಂ-ಏರ್‌ನ ಇಡೀ ಬಂಡವಾಳ ಅದರ ಹಗುರತನ. ಉಳಿದ ಮೂರರಲ್ಲೂ ಅದು ಇವತ್ತಿಗೆ ಹಿಂದೆ. ನಾನು ಕಾಯಬೇಡಿ ಅಂದದ್ದಕ್ಕೆ ಮುಖ್ಯ ಕಾರಣ ಇದೇ.

ಹಗುರ ಬೇಕಾದ ಕಡೆ ಬೇರೆ ಇವೆ. ಕಾರು, ಡ್ರೋನ್, ವಿಮಾನ. ನಮ್ಮ ಹಾಸನದಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆಯಲ್ಲ, 1982ರಿಂದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸು ಆ ಉಪಗ್ರಹಗಳು ದಿನಾ ಭೂಮಿಯ ನೆರಳಿಗೆ ಸಿಕ್ಕಿ, ಒಮ್ಮೊಮ್ಮೆ ಒಂದು ಗಂಟೆಗೂ ಮೇಲೆ ಬರೀ ಬ್ಯಾಟರಿಯಲ್ಲೇ ನಡೆಯಬೇಕು. ಅಲ್ಲಿ ಒಂದೊಂದು ಗ್ರಾಂ ತೂಕಕ್ಕೂ ಬೆಲೆ. ಆದರೆ ಅಲ್ಲಿ ಗಾಳಿಯೇ ಇಲ್ಲ! ತಮಾಷೆ ನೋಡಿ, ತೂಕ ಮುಖ್ಯವಾದ ಕಡೆ ಗಾಳಿ ಇಲ್ಲ, ಗಾಳಿ ಬೇಕಾದಷ್ಟಿರುವ ನಿಮ್ಮ ತೋಟದಲ್ಲಿ ತೂಕ ಮುಖ್ಯ ಅಲ್ಲ.

ಸರಿ, ಶುದ್ಧ ಗಾಳಿಯ ವಿಷಯಕ್ಕೆ ಬರೋಣ. ಹೊಗೆ ಧೂಳಿಲ್ಲದ ಗಾಳಿ ನಮ್ಮ ಶ್ವಾಸಕ್ಕೆ ಶುದ್ಧ. ಲಿಥಿಯಂ ಬೇರೆ ದೃಷ್ಟಿಯಲ್ಲಿ ನೋಡುತ್ತದೆ. ಅದಕ್ಕೆ ಬೇಕಾದದ್ದು ಆಮ್ಲಜನಕ ಮಾತ್ರ, ಅದು ಗಾಳಿಯಲ್ಲಿ ನೂರಕ್ಕೆ 21. ಉಳಿದದ್ದರಲ್ಲಿ ಮೂರು ಜನ ಶತ್ರುಗಳು: ನೀರಾವಿ, ಇಂಗಾಲದ ಡೈಆಕ್ಸೈಡ್, ಸ್ವಲ್ಪ ಮಟ್ಟಿಗೆ ಸಾರಜನಕ. ನೀರು ತಾಗಿದರೆ ಲಿಥಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಬಿಡುತ್ತದೆ. ಅದು ಬೆಂಕಿ ಹಿಡಿಯುವ ಅನಿಲ ಅಂತ ಬೇರೆ ಹೇಳಬೇಕಾಗಿಲ್ಲ.

ಎಷ್ಟು ನೀರು ಅಂತ ಒಂದು ಅಂದಾಜು ಹಾಕಿ ನೋಡೋಣ. ಒಂದು ಯೂನಿಟ್ ಕರೆಂಟ್ ಕೊಡಲು ಈ ಬ್ಯಾಟರಿಗೆ ಕಮ್ಮಿ ಅಂದರೂ 200 ಗ್ರಾಂ ಆಮ್ಲಜನಕ ಬೇಕು. ಅಷ್ಟು ಆಮ್ಲಜನಕ ಇರುವುದು ಏಳುನೂರು ಲೀಟರಿಗೂ ಹೆಚ್ಚು ಗಾಳಿಯಲ್ಲಿ. ಜುಲೈ ತಿಂಗಳಲ್ಲಿ, ಇಪ್ಪತ್ತು ಡಿಗ್ರಿ ಆಸುಪಾಸಿನಲ್ಲಿ, ಗೋಡೆಯೆಲ್ಲ ಬೆವರುವ ಹವೆಯಲ್ಲಿ ಅಷ್ಟು ಗಾಳಿಯೊಳಗೆ ಸುಮಾರು ಹನ್ನೆರಡು ಗ್ರಾಂ ನೀರಾವಿ ಇರುತ್ತದೆ. ಹನ್ನೆರಡು ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ಒಂದು ಯೂನಿಟ್ಟಿಗೆ ಬೇಕಾಗುವ ಲಿಥಿಯಂ ಎಂಬತ್ತೇಳು ಗ್ರಾಂ ಅಷ್ಟೇ, ಆ ನೀರೆಲ್ಲ ಒಳಗೆ ಹೋದರೆ ಅದರಲ್ಲಿ ನಾಲ್ಕೈದು ಗ್ರಾಂ ಲಿಥಿಯಂ ತಿಂದು ಹಾಕುತ್ತದೆ. ಒಂದು ಸಲ ಖಾಲಿ ಮಾಡಿದರೆ ನೂರಕ್ಕೆ ಐದು ಪಾಲು ಹೋಯಿತು. ಹೀಗೇ ನಡೆದರೆ ಇಪ್ಪತ್ತು ಸಲದೊಳಗೆ ಲೋಹ ಖಲಾಸ್. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹವೆ ಹೀಗೇ ಇರುತ್ತದೆ, ಕರೆಂಟ್ ಹೋಗುವುದೂ ಆಗಲೇ. ಒಟ್ಟಿನಲ್ಲಿ ನಿಮಗೆ ಬ್ಯಾಟರಿ ಬೇಕಾದ ತಿಂಗಳುಗಳೇ ಈ ಬ್ಯಾಟರಿಗೆ ಆಗದ ತಿಂಗಳುಗಳು.

ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ನೂರಕ್ಕೆ 0.04ರಷ್ಟು ಮಾತ್ರ. ನೀರಿಗೆ ಹೋಲಿಸಿದರೆ ಅದು ತಿನ್ನುವ ಲಿಥಿಯಂ ತೀರಾ ಸ್ವಲ್ಪ. ಆದರೆ ಅದು ಮಾಡುವ ಲಿಥಿಯಂ ಕಾರ್ಬೊನೇಟ್ ಹಠಮಾರಿ. ಚಾರ್ಜ್ ಮಾಡಿದರೂ ಸುಲಭಕ್ಕೆ ಒಡೆಯಲ್ಲ, 4 ವೋಲ್ಟ್ ದಾಟಿಸಬೇಕು. ಪ್ರತಿ ಸಲ ಚೂರು ಚೂರು ಉಳಿದು ರಂಧ್ರಗಳಲ್ಲಿ ಕಟ್ಟುತ್ತಾ ಹೋಗುತ್ತದೆ.

ಇದಕ್ಕೇ ಲ್ಯಾಬ್‌ಗಳಲ್ಲಿ ನಡೆಯುವ ಪ್ರಯೋಗಗಳಲ್ಲಿ ಹೆಚ್ಚಿನವು ಗಾಳಿಯಲ್ಲಿ ನಡೆಯುವುದೇ ಇಲ್ಲ. ಸಿಲಿಂಡರಿನ ಶುದ್ಧ ಆಮ್ಲಜನಕ ಬಿಟ್ಟು ನಡೆಸುತ್ತಾರೆ. ಹೆಸರಿನಲ್ಲಿ ಏರ್ ಇದ್ದರೂ ಸೆಲ್ಲಿನೊಳಗೆ ಹೋಗುವುದು ಬರೀ ಆಮ್ಲಜನಕ. ನೀರು ತಡೆದು ಆಮ್ಲಜನಕ ಮಾತ್ರ ಬಿಡುವ ಪೊರೆ ಮಾಡಲು ಪ್ರಯತ್ನ ನಡೆದಿದೆ. ಗಾಳಿ ಒಣಗಿಸುವ ಯಂತ್ರ, ಬ್ಲೋವರ್ ಇಟ್ಟರೂ ಆಗುತ್ತದೆ. ಆದರೆ ಅದಕ್ಕೂ ತೂಕ, ಅದಕ್ಕೂ ಕರೆಂಟ್, ಅದಕ್ಕೂ ರಿಪೇರಿ. ತೋಟದ ಮನೆಯಲ್ಲಿ ಬ್ಯಾಟರಿಗೊಂದು ಡ್ರೈಯರ್ ಇಟ್ಟುಕೊಂಡು, ಆ ಡ್ರೈಯರ್ ಓಡಿಸಲು ಅದೇ ಬ್ಯಾಟರಿಯ ಕರೆಂಟ್ ಖರ್ಚು ಮಾಡುವುದು ಯಾರಿಗೆ ಬೇಕು?

ಗಾಳಿಯ ಕಾಟ ಪೂರ್ತಿ ತಪ್ಪಿಸಿದರೂ ಒಳಗಿನ ಜಗಳ ಮುಗಿಯಲ್ಲ. ಹುಟ್ಟುವ ಪೆರಾಕ್ಸೈಡ್ ಕರೆಂಟನ್ನು ಸರಿಯಾಗಿ ಹರಿಯಬಿಡಲ್ಲ, ಒಳಗಿನ ದ್ರವದಲ್ಲಿ ಕರಗಲ್ಲ, ಹುಟ್ಟಿದ ಜಾಗದಲ್ಲೇ ಕೂರುತ್ತದೆ. ಸ್ಪ್ರಿಂಕ್ಲರ್ ಜೆಟ್ಟಿನ ಬಾಯಿಗೆ ಕೆರೆಯ ಕಸ ಕಟ್ಟಿದ ಹಾಗೆ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಆಮೇಲೆ ಆಮ್ಲಜನಕ ಒಳಗೆ ಹೋಗಲ್ಲ, ಲಿಥಿಯಂ ಇನ್ನೂ ಬಾಕಿ ಇದ್ದರೂ ಬ್ಯಾಟರಿ ಸುಮ್ನೆ ನಿಂತು ಬಿಡುತ್ತದೆ.

ಚಾರ್ಜ್ ಮಾಡುವಾಗ ಇನ್ನೂ ಕಷ್ಟ. ಕರೆಂಟ್ ಕೊಡುವಾಗ ಸಿಗುವುದು 2.7 ವೋಲ್ಟ್ ಆಸುಪಾಸು. ವಾಪಸ್ ತುಂಬಲು 4 ವೋಲ್ಟ್ ಹತ್ತಿರ ಒತ್ತಬೇಕು. ಈ ಅಂತರ ಶುದ್ಧ ನಷ್ಟ. ಹತ್ತು ಯೂನಿಟ್ ಹಾಕಿದರೆ ಆರೂವರೆ ಏಳು ವಾಪಸ್ ಬಂದರೆ ಪುಣ್ಯ. ಈಗಿನ ಲಿಥಿಯಂ-ಅಯಾನ್‌ನಲ್ಲಿ ಒಂಬತ್ತಕ್ಕೂ ಮೇಲೆ ಬರುತ್ತದೆ. ಇದನ್ನು ಸೋಲಾರ್ ಪ್ಯಾನೆಲ್ ಜೊತೆ ಇಟ್ಟು ನೋಡಿ. ಬಿಸಿಲು ಕಾಲದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಮೋಡ ಕವಿದು ಜಡಿ ಹಿಡಿದ ದಿನ ಒಂದು ಯೂನಿಟ್ ಬಂದರೆ ದೊಡ್ಡದು. ಆ ಒಂದರಲ್ಲೂ ಮೂರನೇ ಒಂದು ಪಾಲು ಬ್ಯಾಟರಿಯೇ ನುಂಗಿದರೆ ಉಳಿಯುವುದು ಎಷ್ಟು?

ಆ ಜಾಸ್ತಿ ವೋಲ್ಟೇಜಿನಲ್ಲಿ ಇನ್ನೊಂದು ತೊಂದರೆ ಇದೆ. ಸಿಂಗ್ಲೆಟ್ ಆಮ್ಲಜನಕ ಅಂತ ತೀರಾ ಚುರುಕಾದ ಆಮ್ಲಜನಕ ಹುಟ್ಟುತ್ತದೆ. ಅದು ಎಲೆಕ್ಟ್ರೋಲೈಟನ್ನೂ ಕಾರ್ಬನ್ ಹಾಳೆಯನ್ನೂ ತಿನ್ನುತ್ತದೆ. ಇದು ಖಚಿತವಾದದ್ದು 2016-17ರ ಹೊತ್ತಿಗೆ. ಅಲ್ಲಿಯ ತನಕ ಸೆಲ್‌ಗಳು ಯಾಕೆ ಬೇಗ ಹಾಳಾಗುತ್ತವೆ ಅನ್ನುವುದಕ್ಕೆ ಅರ್ಧ ಉತ್ತರವೇ ಇತ್ತು. ಇನ್ನು ಲಿಥಿಯಂ ಲೋಹದ ಕಡೆ, ಚಾರ್ಜ್ ಮಾಡಿದಾಗ ಅದು ಸಮನಾಗಿ ಕೂರುವ ಬದಲು ಮುಳ್ಳಿನಂತೆ ಬೆಳೆಯುತ್ತದೆ. ಮುಳ್ಳು ಆ ಕಡೆ ಮುಟ್ಟಿದರೆ ಶಾರ್ಟ್. ಲೋಹದ ಲಿಥಿಯಂ, ಉರಿಯುವ ದ್ರಾವಕ, ಆಮ್ಲಜನಕ, ಮೂರೂ ಒಂದೇ ಡಬ್ಬದಲ್ಲಿ. ಇದನ್ನು ಮೆಟ್ಟಿಲ ಕೆಳಗೆ ಇಡಲು ನಾನಂತೂ ಹೇಳಲ್ಲ.

ಇಷ್ಟು ಕೇಳಿದ ಮೇಲೆ ಇದೆಲ್ಲ ಬರೀ ಬೊಗಳೆ ಅನ್ನಿಸಬಹುದು. ಹಾಗೂ ಅಲ್ಲ. ಲಿಥಿಯಂ ಮತ್ತು ಗಾಳಿಯನ್ನು ಸೇರಿಸುವ ಯೋಚನೆ 1970ರ ದಶಕದ್ದು. ನೀರಿಲ್ಲದ ಎಲೆಕ್ಟ್ರೋಲೈಟ್ ಹಾಕಿ ರೀಚಾರ್ಜ್ ಆಗುವಂಥದ್ದನ್ನು 1996ರಲ್ಲಿ ಅಮೆರಿಕದಲ್ಲಿ ತೋರಿಸಿದವರು ಭಾರತ ಮೂಲದ ಕೆ. ಎಂ. ಅಬ್ರಹಾಂ ಮತ್ತು ಅವರ ಸಹೋದ್ಯೋಗಿ ಜಿಯಾಂಗ್. ಹತ್ತು ವರ್ಷದ ನಂತರ ಬ್ರಿಟನ್ನಿನ ಪೀಟರ್ ಬ್ರೂಸ್ ತಂಡ ಇದನ್ನು ಮತ್ತೆ ಮತ್ತೆ ಚಾರ್ಜ್ ಮಾಡಬಹುದು ಅಂತ ತೋರಿಸಿದ ಮೇಲೆ ಎಲ್ಲರೂ ಮುಗಿಬಿದ್ದರು. 2009ರಲ್ಲಿ ಐಬಿಎಂ ಒಂದು ಚಾರ್ಜಿಗೆ 500 ಮೈಲಿ ಓಡುವ ಕಾರಿನ ಗುರಿ ಇಟ್ಟುಕೊಂಡು ದೊಡ್ಡ ಯೋಜನೆಯನ್ನೇ ಶುರು ಮಾಡಿತು. ಐನೂರು ಮೈಲಿ ಅಂದರೆ 800 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಹೋಗಿ ಬಂದು ಇನ್ನೊಮ್ಮೆ ಹೋಗುವಷ್ಟು.

ಆಮೇಲೆ ಒಂದು ಗುಟ್ಟು ಹೊರಬಿತ್ತು. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾಗುವ ಭಾಗ ಇದು. ಮೊದಮೊದಲು ಹೆಚ್ಚಿನವರು ಲಿಥಿಯಂ-ಅಯಾನ್‌ನಲ್ಲಿ ಬಳಸುವ ಕಾರ್ಬೊನೇಟ್ ದ್ರಾವಕಗಳನ್ನೇ ಇದಕ್ಕೂ ಹಾಕುತ್ತಿದ್ದರು. ಸೆಲ್ ಚಾರ್ಜ್ ಆಗುತ್ತಿತ್ತು, ಖಾಲಿಯಾಗುತ್ತಿತ್ತು, ಗ್ರಾಫ್ ಚೆನ್ನಾಗಿ ಬರುತ್ತಿತ್ತು. 2010-11ರ ಹೊತ್ತಿಗೆ ಕೆಲವರು ಒಳಗೆ ನಿಜವಾಗಿ ಏನು ಹುಟ್ಟುತ್ತಿದೆ ಅಂತ ಪರೀಕ್ಷೆ ಮಾಡಿದರೆ, ಹೆಚ್ಚಾಗಿ ಸಿಕ್ಕಿದ್ದು ಪೆರಾಕ್ಸೈಡ್ ಅಲ್ಲ, ದ್ರಾವಕವೇ ಕೊಳೆತು ಆದ ಲಿಥಿಯಂ ಕಾರ್ಬೊನೇಟ್! ಬ್ಯಾಟರಿ ತನ್ನ ಎಲೆಕ್ಟ್ರೋಲೈಟನ್ನೇ ತಿಂದುಕೊಂಡು ಕರೆಂಟ್ ಕೊಡುತ್ತಿತ್ತು. ಮೀಟರಿಗೆ ಅದು ಗೊತ್ತಾಗುವುದಿಲ್ಲ ನೋಡಿ, ಎಲೆಕ್ಟ್ರಾನ್ ಎಲ್ಲಿಂದ ಬಂದರೂ ಅದಕ್ಕೆ ಒಂದೇ. ಅಲ್ಲಿಂದ ಮುಂದೆ ಕೆಲಸ ಶಿಸ್ತಿಗೆ ಬಂತು. ಎಷ್ಟು ಆಮ್ಲಜನಕ ಒಳಗೆ ಹೋಯಿತು, ಚಾರ್ಜ್ ಮಾಡಿದಾಗ ಅಷ್ಟೇ ವಾಪಸ್ ಬಂತಾ ಅಂತ ಅಳೆದು ತೋರಿಸದಿದ್ದರೆ ಯಾರೂ ಸುಲಭಕ್ಕೆ ನಂಬದ ಹಾಗಾಯಿತು.

2015ರಲ್ಲಿ ಕೇಂಬ್ರಿಡ್ಜ್‌ನ ಕ್ಲೇರ್ ಗ್ರೇ ತಂಡ ಅಯೋಡೈಡ್ ಎಂಬ ಉಪ್ಪು ಸೇರಿಸಿ, ಪೆರಾಕ್ಸೈಡ್ ಬದಲು ಹೈಡ್ರಾಕ್ಸೈಡ್ ಹುಟ್ಟುವಂತೆ ಮಾಡಿ 2000 ಸಲ ಚಾರ್ಜ್ ಆಯಿತು ಅಂತ ಪ್ರಕಟಿಸಿತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ. ಆದರೆ ಅಲ್ಲಿ ಚಾರ್ಜ್ ಆಗುತ್ತಿರುವುದು ನಿಜಕ್ಕೂ ಲಿಥಿಯಂ-ಆಮ್ಲಜನಕವಾ, ಇಲ್ಲ ಅಯೋಡೈಡಾ ಅಂತ ಬೇರೆ ತಂಡಗಳು ತಕರಾರು ಎತ್ತಿದವು. 2018ರಲ್ಲಿ ಕೆನಡಾದ ಲಿಂಡಾ ನಜರ್ ತಂಡ 150 ಡಿಗ್ರಿ ಶಾಖದಲ್ಲಿ ಕರಗಿದ ಉಪ್ಪನ್ನು ಎಲೆಕ್ಟ್ರೋಲೈಟ್ ಆಗಿ ಬಳಸಿ, ಪೆರಾಕ್ಸೈಡ್‌ನಲ್ಲಿ ನಿಲ್ಲದೆ, ಇನ್ನೂ ಹೆಚ್ಚು ಶಕ್ತಿ ಕೊಡುವ ಲಿಥಿಯಂ ಆಕ್ಸೈಡ್ ತನಕ ಹೋಗಿ ತೋರಿಸಿತು. ಅದೇ ವರ್ಷ ಷಿಕಾಗೋದ ತಂಡವೊಂದು ಗಾಳಿಯಂಥದೇ ಮಿಶ್ರಣದಲ್ಲಿ 700 ಸಲ ನಡೆಸಿತು. 2023ರಲ್ಲಿ ಇಲಿನಾಯ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಮತ್ತು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು ದ್ರವದ ಬದಲು ಘನ ಎಲೆಕ್ಟ್ರೋಲೈಟ್ ಹಾಕಿ, ಕೋಣೆಯ ಶಾಖದಲ್ಲೇ, ಲಿಥಿಯಂ ಆಕ್ಸೈಡ್ ತನಕ ಹೋಗುವ ಸೆಲ್ಲನ್ನು 1000 ಸಲ ನಡೆಸಿದರು. ಮುಂದೆ ಕಿಲೋಗೆ 1.2 ಯೂನಿಟ್ ತನಕ ಹೋಗಬಹುದು ಅಂತ ಅವರ ಅಂದಾಜು. ನಿಮ್ಮ ಮಗ ತೋರಿಸಿದ ವಿಡಿಯೋ ಬಹುಶಃ ಇದರದ್ದೇ. ಇದುವರೆಗಿನ ಕೆಲಸಗಳಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟದ್ದೂ ಇದೇ, ಯಾಕೆಂದರೆ ಉರಿಯುವ ದ್ರಾವಕವನ್ನೇ ತೆಗೆದರೆ ಅರ್ಧ ಜಗಳ ಕಮ್ಮಿ.

ಆದರೂ ಈ ಸುದ್ದಿಗಳನ್ನು ಓದುವಾಗ ಸ್ವಲ್ಪ ಹುಷಾರು. ಸಾವಿರ ಸಲ ಅಂದಾಗ ಪ್ರತಿ ಸಲವೂ ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿರುತ್ತಾರೆ ಅಂದುಕೊಳ್ಳಬೇಡಿ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಮಿತಿ ಹಾಕಿಕೊಂಡು, ಸ್ವಲ್ಪವೇ ಖಾಲಿ ಮಾಡಿ ಮತ್ತೆ ತುಂಬುತ್ತಾರೆ. ಸೆಲ್ ಇರುವುದು ನಾಣ್ಯದಷ್ಟು. ಗ್ರಾಂಗೆ ಇಷ್ಟು ಶಕ್ತಿ ಅನ್ನುವಾಗ ಯಾವುದರ ಗ್ರಾಂ ಅಂತ ನೋಡಬೇಕು, ಎಷ್ಟೋ ಕಡೆ ಅದು ಮಿಲಿಗ್ರಾಂ ಲೆಕ್ಕದ ಕಾರ್ಬನ್ನಿನ ತೂಕ ಮಾತ್ರ, ಲಿಥಿಯಂ, ದ್ರವ, ಡಬ್ಬ ಯಾವುದೂ ಅದರಲ್ಲಿ ಸೇರಿರಲ್ಲ. ಆಮ್ಲಜನಕದ ಸಿಲಿಂಡರನ್ನಂತೂ ಯಾರೂ ತೂಗಲ್ಲ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಪ್ರಬಂಧದಲ್ಲಿ ಎಲ್ಲ ಬರೆದಿರುತ್ತಾರೆ. ವಿಡಿಯೋ ಮಾಡುವವರು ಆ ಸಾಲುಗಳನ್ನು ಬಿಟ್ಟು ಬಿಡುತ್ತಾರೆ.

ಇನ್ನು ಸ್ಪ್ರಿಂಕ್ಲರ್ ಮೋಟರ್. ಲಿಥಿಯಂ-ಏರ್ ಕರೆಂಟ್ ಕೊಡುವುದು ತುಂಬ ನಿಧಾನ. ಆಮ್ಲಜನಕ ರಂಧ್ರಗಳೊಳಗೆ ಇಳಿದು ಬರುವ ವೇಗಕ್ಕಿಂತ ಜಾಸ್ತಿ ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ. ಮೋಟರ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದು ಇದರ ಕೈಲಿ ಆಗುವ ಕೆಲಸ ಅಲ್ಲ. ಈಗಿನ ಲಿಥಿಯಂ ಬ್ಯಾಟರಿಯಲ್ಲಿ ಆಗುತ್ತದಾ ಅಂದರೆ, ಆಗುತ್ತದೆ, ಆದರೆ ಲೆಕ್ಕ ಕೇಳಿ. ಹತ್ತು ಎಚ್‌ಪಿ ಮೋಟರ್ ಗಂಟೆಗೆ ಎಂಟೂವರೆ ಯೂನಿಟ್ ಹತ್ತಿರ ತಿನ್ನುತ್ತದೆ. ಆರು ಗಂಟೆ ಓಡಿಸಲು ಐವತ್ತು ಯೂನಿಟ್. ಮನೆಗೆ ತರುವ ಸೈಜಿನ 12 ವೋಲ್ಟ್ (ನಿಜಕ್ಕೂ 12.8) 100 ಆ್ಯಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಒಂದರಲ್ಲಿ ಇರುವುದು 1.28 ಯೂನಿಟ್. ನಲವತ್ತು ಬ್ಯಾಟರಿ ಜೋಡಿಸಬೇಕು. ಅಷ್ಟು ದುಡ್ಡು ಸುರಿದು ಬಳಸುವುದು ಯಾವಾಗ? ಹೂಮಳೆ ಕೈ ಕೊಟ್ಟ ವರ್ಷ, ಫೆಬ್ರವರಿ ಮಾರ್ಚ್‌ನಲ್ಲಿ ಒಂದಷ್ಟು ದಿನ. ಅದೇ ಕೆಲಸವನ್ನು ಡೀಸೆಲ್ ಎಂಜಿನ್ ಹದಿನೈದು ಲೀಟರಿನಲ್ಲಿ ಮಾಡಿ ಮುಗಿಸುತ್ತದೆ. ಸೋಲಾರ್ ಮಾಡಲೇಬೇಕು ಅಂತಿದ್ದರೆ ಬ್ಯಾಟರಿ ಬಿಡಿ, ಹಗಲು ಬಿಸಿಲಿನಲ್ಲಿ ಚಿಕ್ಕ ಸೋಲಾರ್ ಪಂಪಿನಿಂದ ನೀರನ್ನು ಮೇಲಿನ ಹೊಂಡಕ್ಕೆ ಏರಿಸಿಟ್ಟುಕೊಳ್ಳಿ. ನೀರೇ ನಿಮ್ಮ ಸ್ಟೋರೇಜ್.

ಗಾಳಿಯ ಬ್ಯಾಟರಿಗಳಲ್ಲಿ ಕರೆಂಟ್ ಕೂಡಿಡುವ ಕೆಲಸಕ್ಕೆ ನಿಜವಾಗಿ ಹತ್ತಿರ ಬಂದಿರುವುದು ಲಿಥಿಯಂ ಅಲ್ಲ, ಕಬ್ಬಿಣ. ಅಮೆರಿಕದ ಫಾರ್ಮ್ ಎನರ್ಜಿ ಕಂಪನಿ ಐರನ್-ಏರ್ ಬ್ಯಾಟರಿ ಮಾಡುತ್ತಿದೆ. ಕಬ್ಬಿಣ ತುಕ್ಕು ಹಿಡಿಯುವಾಗ ಕರೆಂಟ್ ಕೊಡುತ್ತದೆ, ಚಾರ್ಜ್ ಮಾಡಿದರೆ ತುಕ್ಕು ಮತ್ತೆ ಕಬ್ಬಿಣವಾಗುತ್ತದೆ. ನೂರು ಗಂಟೆ ತನಕ ಸತತ ಕರೆಂಟ್ ಕೊಡುವುದು ಅದರ ಗುರಿ. ತುಂಬ ಭಾರ, ತುಂಬ ನಿಧಾನ, ಹಾಕಿದ ಕರೆಂಟಿನಲ್ಲಿ ಅರ್ಧದ ಆಸುಪಾಸು ನಷ್ಟ. ಆದರೆ ಕಬ್ಬಿಣ ಅಗ್ಗ, ಒಳಗಿರುವುದು ನೀರಿನ ದ್ರವ, ಬೆಂಕಿಯ ಭಯ ಇಲ್ಲ. ಮೋಡ ಕವಿದ ನಾಲ್ಕು ದಿನ ಇಡೀ ಊರಿಗೆ ಕರೆಂಟ್ ಕೊಡಬೇಕಾದರೆ ಇಂಥದ್ದೇ ಬೇಕು. ಇದು ಸಬ್‌ಸ್ಟೇಷನ್ ಪಕ್ಕ ಎಕರೆಗಟ್ಟಲೆ ಕೂರುವ ಸಾಮಾನು, ಮನೆಯದ್ದಲ್ಲ. (ಮಂಡ್ಯ ಜಿಲ್ಲೆಯಲ್ಲಿ ಲಿಥಿಯಂ ಸಿಕ್ಕಿದೆಯಲ್ಲ ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಗುರುತಿಸಿರುವುದು 1,600 ಟನ್. ಸಂತೋಷ, ಆದರೆ ಅದರಿಂದ ಬ್ಯಾಟರಿ ಬೆಲೆ ಇಳಿಯಲ್ಲ.)

ಹಾಗಾದರೆ ಏನು ತಗೊಳ್ಳುವುದು? ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಅನ್ನುತ್ತಾರೆ. ಮೂರು ನಾಲ್ಕು ದಿನ ಕರೆಂಟ್ ಇಲ್ಲದ ಮನೆಗೆ ಟ್ಯೂಬುಲರಿಗಿಂತ ಇದು ಒಳ್ಳೆಯದು, ಕಾರಣ ಹಗುರತನ ಅಲ್ಲ. ಟ್ಯೂಬುಲರನ್ನು ಪೂರ್ತಿ ಖಾಲಿ ಮಾಡಿ ಹಾಗೇ ಎರಡು ದಿನ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಕಟ್ಟುತ್ತದೆ, ಆಮೇಲೆ ಅದು ಮೊದಲಿನಷ್ಟು ಹಿಡಿಯಲ್ಲ. ಮಳೆಗಾಲದಲ್ಲಿ ನಿಮ್ಮಲ್ಲಿ ಆಗುವುದೇ ಇದು. ಆಯಸ್ಸು ಉಳಿಸಬೇಕಾದರೆ ಅದರ ಅರ್ಧ ಮಾತ್ರ ಬಳಸಬೇಕು. ಅಂದರೆ 1.8 ಯೂನಿಟ್ ಬ್ಯಾಟರಿ ನಿಜಕ್ಕೂ 0.9 ಯೂನಿಟ್ ಬ್ಯಾಟರಿ. ಎಲ್‌ಎಫ್‌ಪಿಯಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಬಳಸಬಹುದು, ಸರಿಯಾಗಿ ನೋಡಿಕೊಂಡರೆ ಎರಡು ಸಾವಿರ ಸಲಕ್ಕೂ ಮೇಲೆ ಬಾಳುತ್ತದೆ, ಬ್ಯಾಟರಿ ನೀರು ಹಾಕುವ ಕೆಲಸ ಇಲ್ಲ, ಸೋಲಾರ್‌ನಿಂದ ಬಂದ ಸ್ವಲ್ಪ ಕರೆಂಟನ್ನೂ ಹೆಚ್ಚು ಪೋಲು ಮಾಡದೆ ಹಿಡಿಯುತ್ತದೆ. ಅದು ಪೂರ್ತಿ ಮುಚ್ಚಿದ ಡಬ್ಬ, ಹೊರಗಿನ ಹವೆಯ ಹಂಗಿಲ್ಲ. ಮೊದಲಿಗೆ ದುಡ್ಡು ಜಾಸ್ತಿ, ಅದು ನಿಜ. ದಿನಕ್ಕೆ ಒಂದರ್ಧ ಗಂಟೆ ಮಾತ್ರ ಕರೆಂಟ್ ಹೋಗುವ ಪೇಟೆಯ ಮನೆಯವರು ಕೇಳಿದ್ದರೆ ಟ್ಯೂಬುಲರೇ ಸಾಕು ಅನ್ನುತ್ತಿದ್ದೆ.

ಎಷ್ಟು ಬೇಕು ಅನ್ನುವುದನ್ನು ಅಂಗಡಿಯವರಿಗೆ ಬಿಡಬೇಡಿ, ನೀವೇ ಕೂತು ಲೆಕ್ಕ ಹಾಕಿ. ಏಳೆಂಟು ಎಲ್‌ಇಡಿ ಬಲ್ಬ್, ವೈಫೈ, ಫೋನ್ ಚಾರ್ಜ್, ಸಂಜೆ ಸ್ವಲ್ಪ ಟಿವಿ ಅಂದರೆ ದಿನಕ್ಕೆ ಮುಕ್ಕಾಲರಿಂದ ಒಂದು ಯೂನಿಟ್. ಫ್ರಿಜ್ ಸೇರಿಸಿದರೆ ಇನ್ನೊಂದು ಯೂನಿಟ್ ಹಿಡಿದುಕೊಳ್ಳಿ. ಮಿಕ್ಸಿ, ಗೀಸರ್ ಇದಕ್ಕೆ ಸೇರಿಸಬೇಡಿ. ಎರಡು 100 ಆ್ಯಂಪಿಯರ್-ಅವರ್ ಎಲ್‌ಎಫ್‌ಪಿ ಮತ್ತು ಒಂದು ಕಿಲೋವ್ಯಾಟ್ ಪ್ಯಾನೆಲ್ ಇದ್ದರೆ, ಫ್ರಿಜ್ ಬಿಟ್ಟು, ನಾಲ್ಕು ದಿನ ದಾಟಿಸಬಹುದು.

ಕೊಳ್ಳುವ ಮೊದಲು ನಿಮ್ಮ ಯುಪಿಎಸ್ ಹಿಂದೆ ಅಥವಾ ಮೆನುವಿನಲ್ಲಿ ಲಿಥಿಯಂ ಮೋಡ್ ಇದೆಯಾ ನೋಡಿ. ಹಳೆಯ ಯುಪಿಎಸ್‌ಗಳು ಟ್ಯೂಬುಲರಿಗೆ ಅಂತ ಸೆಟ್ ಆಗಿರುತ್ತವೆ, ಅದರ ಚಾರ್ಜ್ ವೋಲ್ಟೇಜ್ ಎಲ್‌ಎಫ್‌ಪಿಗೆ ಜಾಸ್ತಿಯಾಗಿ ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಪದೇ ಪದೇ ಕಟ್ ಮಾಡುತ್ತದೆ. ಮೋಡ್ ಇಲ್ಲದಿದ್ದರೆ ಯುಪಿಎಸ್ಸನ್ನೂ ಬದಲಾಯಿಸುವ ಖರ್ಚು ಸೇರಿಸಿಕೊಂಡೇ ಬೆಲೆ ಹೋಲಿಸಿ. ವಾರಂಟಿ ಎಷ್ಟು ವರ್ಷ ಅಂತ ಕೇಳುವಾಗ ಎಷ್ಟು ಸಲದ್ದು ಅಂತಲೂ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆನೆಗೆ ಅಂತ ಹಾಕಿರುವ ಸೋಲಾರ್ ಬೇಲಿ ಇದ್ದರೆ ಅದರ ಬ್ಯಾಟರಿ ಬೇರೆಯೇ ಇರಲಿ, ಮನೆಯದ್ದಕ್ಕೆ ಸೇರಿಸಲು ಹೋಗಬೇಡಿ. ಹಳೆಯ ಎರಡು ಟ್ಯೂಬುಲರನ್ನು ಕೊಟ್ಟು ಹೊಸದು ತಗೊಳ್ಳಿ, ಸೀಸಕ್ಕೆ ಒಳ್ಳೆಯ ಬೆಲೆ ಇದೆ.